ಮೇಣದ ಎಡಗೈಗೆ ಬಂದ ಉತ್ತರ

“ಕೇಳಿ ಇದನ್ನ,” ಎಂದು ಹೆಡ್ವಿಗ್ ಲೊರೆಂಟ್ಸ್ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡಳು. “ಮಿಲ್ವಾಕಿಯಿಂದ ಬಂದಿದೆ. ‘ತಮ್ಮ ಎಡಗೈಗೆ ಬದಲಾಗಿ ನನ್ನ ಭಾವಮೈದುನನನ್ನು ಕೊಡಲು ಸಿದ್ಧನಿದ್ದೇನೆ. ಅವನಿಗೆ ಎರಡು ಕೈಗಳಿವೆ. ಎರಡನ್ನೂ ಇದುವರೆಗೆ ಬಳಸಿಲ್ಲ, ಹೊಸದರಂತೆಯೇ ಇವೆ.’”

ಆಂಬ್ರೋಸ್ ಕೀಲ್ ನಗಲಿಲ್ಲ. ಕಾಗದವನ್ನು ತೆಗೆದುಕೊಂಡು ಎಡಗಡೆಯ ರಾಶಿಯ ಮೇಲೆ ಇಟ್ಟನು.

“ತಮಾಷೆ,” ಎಂದನು.

“ತಮಾಷೆ ಅನ್ನೋ ಮಾತು ನಿಮ್ಮ ಬಾಯಲ್ಲಿ ಬಂದ್ರೆ ಯಾರೋ ಹೋಗಿಬಿಟ್ರು ಅನ್ಸುತ್ತೆ. ಒಂದ್ಸಲ ನಕ್ಕರೆ ನಿಮ್ಮ ಗಂಟೇನು ಹೋಗುತ್ತೆ, ಕೀಲ್?”

“ನಗೋಕೆ ನೀವಿದ್ದೀರಲ್ಲ, ಮಿಸ್ ಲೊರೆಂಟ್ಸ್. ಮುಂದಿನದು ಓದಿ.”

“ಟೊಲೀಡೊದವನು. ‘ನನ್ನ ಅಂಗಡಿಯಲ್ಲಿ ಪಂಜ ಹಿಡಿದು ಬಲ ಪರೀಕ್ಷಿಸುವ ಕಬ್ಬಿಣದ ಪೈಲ್ವಾನನಿದ್ದಾನೆ; ಅವನಿಗೆ ಬಲಗೈ ಮಾತ್ರ. ಇಬ್ಬರಿಗೂ ಮದುವೆ ಮಾಡಿಬಿಡೋಣ. ಖರ್ಚು ಹೆಣ್ಣಿನ ಕಡೆಯವರದು.’”

“ತಮಾಷೆ.”

ಬಾಗಿಲ ಬಳಿಯ ಬೆಂಚಿನ ಮೇಲೆ ಕುಳಿತಿದ್ದ ರಾಗ್ನಾ ಟೋಫ್ಟ್ ಟೋಪಿಯನ್ನು ಕೂಡ ತೆಗೆದಿರಲಿಲ್ಲ. ಪ್ರತಿಯೊಂದು ಕಾಗದವೂ ಎಡಗಡೆಯ ರಾಶಿಗೆ ಸೇರುವುದನ್ನು ಅವಳು ನೋಡುತ್ತಿದ್ದಳು. ಬಲಗಡೆ ರಾಶಿಯೇ ಇರಲಿಲ್ಲ.

ಅವಳ ಗಂಡ, ಯಂತ್ರ ರಿಪೇರಿಯ ಮೆಕ್ಯಾನಿಕ್ ಓಡ್ವಾರ್, ಈಗ ಕೌಂಟಿಯ ಜೈಲಿನಲ್ಲಿದ್ದನು. ಅವನ ಯಜಮಾನನಾದ ಯಂತ್ರವ್ಯಾಪಾರಿ ಎಮಿಲ್ ಹ್ರೂಷ್ಕಾ ಎರಡು ವಾರದ ಕೆಳಗೆ ಶನಿವಾರ ತನ್ನ ಉಗ್ರಾಣದ ಸರಕು ಲಿಫ್ಟಿನ ಹೊಂಡದಲ್ಲಿ ಸತ್ತುಬಿದ್ದಿದ್ದನು. ನಾಣ್ಯ ಹಾಕಿದರೆ ಭವಿಷ್ಯ ನುಡಿಯುವ ಯಂತ್ರದ ಮೇಣದ ಅಜ್ಜಿಯ ಎಡಗೈ ಅವನ ಮುಷ್ಟಿಯಲ್ಲಿತ್ತು, ಅಜ್ಜಿ ಮಾತ್ರ ಉಗ್ರಾಣದಲ್ಲಿರಲಿಲ್ಲ. ಯಂತ್ರವನ್ನು ಕದಿಯಲು ಬಂದ ಮೆಕ್ಯಾನಿಕ್ಕನೊಡನೆ ಯಜಮಾನನು ಸೆಣಸಾಡುವಾಗ ಕೈ ಕಿತ್ತುಬಂದಿತೆಂಬುದು ಪೊಲೀಸರ ವಾದ. ಉಗ್ರಾಣದ ಎರಡನೆಯ ಬೀಗದ ಕೈ ಇದ್ದುದು ಓಡ್ವಾರನ ಬಳಿ. ಸೋಮವಾರ ಆರೋಪದ ವಿಚಾರಣೆ. ಅಂದು ಆರೋಪ ಸ್ಥಿರಪಟ್ಟರೆ, ಮುಂದಿನ ದಾರಿ ಇಲಿನಾಯ್ ರಾಜ್ಯದ ವಿದ್ಯುತ್ ಕುರ್ಚಿಯವರೆಗೆ ನೇರವಾಗಿತ್ತು.

ಆ ಎಡಗೈಯ ಸಂಗತಿಯನ್ನು ಪೊಲೀಸರು ದಿನಪತ್ರಿಕೆಗಳಿಗೆ ಬಿಟ್ಟುಕೊಟ್ಟಿರಲಿಲ್ಲ. ಓಡ್ವಾರನ ಪರವಾಗಿ ತನಿಖೆಗಿಳಿದಿದ್ದ ಕೀಲನು ಠಾಣೆಯಲ್ಲಿ ಅದನ್ನೊಮ್ಮೆ ಕಂಡಿದ್ದನು. ಕಂಡವನೇ ನೇರವಾಗಿ ಇಲ್ಲಿಗೆ, ‘ನಿಕಲ್ ವಾರಪತ್ರಿಕೆ’ಯ ಕಚೇರಿಗೆ ಬಂದು, ಹೆಡ್ವಿಗಳ ಉಸ್ತುವಾರಿಯ ಪುಟದಲ್ಲಿ ನಾಲ್ಕು ಸಾಲಿನ ಜಾಹೀರಾತೊಂದನ್ನು ಹಾಕಿಸಿದ್ದನು:

‘ವಿನಿಮಯಕ್ಕೆ: ಭವಿಷ್ಯ ನುಡಿಯುವ ಅಜ್ಜಿಯ ಎಡಗೈ. ಮೇಣದ್ದು, ಉಂಗುರ ಸಹಿತ. ಅಜ್ಜಿ ಜೊತೆಗಿಲ್ಲ. ತಕ್ಕ ವಸ್ತುವನ್ನು ತಿಳಿಸಿರಿ.’

ನಾಣ್ಯ ನುಂಗಿ ಕೆಲಸ ಮಾಡುವ ಯಂತ್ರಗಳನ್ನು ಕೊಳ್ಳುವ, ಮಾರುವ, ಅದಲುಬದಲು ಮಾಡುವ ಜನರ ವಾರಪತ್ರಿಕೆ ಅದು. ಕಡಲೆಕಾಯಿ ಕೊಡುವ ಯಂತ್ರ, ತೂಕ ಹೇಳುವ ಯಂತ್ರ, ಚಿತ್ರ ಕುಣಿಸುವ ಯಂತ್ರ, ಹಣೆಬರಹ ಓದುವ ಯಂತ್ರ ಇವೆಲ್ಲವೂ ಅದರ ಕೊನೆಯ ಪುಟಗಳಲ್ಲಿ ಊರಿಂದೂರಿಗೆ ಕೈ ಬದಲಾಯಿಸುತ್ತಿದ್ದವು. ಕೊಡುವವನು ತೆಗೆದುಕೊಳ್ಳುವವನ ಮುಖ ಕಂಡಿರುತ್ತಿರಲಿಲ್ಲ. ತೆಗೆದುಕೊಳ್ಳುವವನು ಸರಕನ್ನು ಕಂಡಿರುತ್ತಿರಲಿಲ್ಲ. ಇಂತಹ ವ್ಯಾಪಾರದಲ್ಲಿ ಮನುಷ್ಯನ ಗುರುತು ಹತ್ತುವುದು ಅವನ ನಗೆಯಿಂದ. ಆದುದರಿಂದ ಪದಕ್ಕಿಷ್ಟೆಂದು ಹಣ ತೆರುತ್ತಿದ್ದ ಈ ಜಿಪುಣರು, ಯಂತ್ರದ ವರ್ಣನೆಯಲ್ಲಿ ಅಕ್ಷರ ಉಳಿಸಿ ಆ ಉಳಿತಾಯವನ್ನೆಲ್ಲ ಒಂದು ಹಾಸ್ಯದ ಸಾಲಿಗೆ ಸುರಿಯುತ್ತಿದ್ದರು. ಹಾಸ್ಯವಿಲ್ಲದ ಜಾಹೀರಾತಿಗೆ ಉತ್ತರ ಬರೆಯುವುದು ದುಡುಕು ಎಂಬುದು ಆ ವೃತ್ತಿಯ ಸ್ಮೃತಿ.

ಕೀಲನ ಎಣಿಕೆ ಸರಳವಾಗಿತ್ತು. ಅಜ್ಜಿಯಿಲ್ಲದ ಎಡಗೈ ಎಂದರೆ ಇಡೀ ವೃತ್ತಿಗೆ ನಗೆಯ ವಿಷಯ. ಯಾರ ಬಳಿ ಎಡಗೈಯಿಲ್ಲದ ಅಜ್ಜಿ ಇದೆಯೋ ಅವನೊಬ್ಬನಿಗೆ ಮಾತ್ರ ಅದು ನಗೆಯಾಗಲಾರದು.

“ಇಲ್ಲದ ಸರಕಿಗೆ ನನ್ನ ಪುಟದಲ್ಲಿ ಜಾಹೀರಾತು ಬಂದಿದ್ದು ಇದೇ ಮೊದಲು,” ಎಂದಳು ಹೆಡ್ವಿಗ್, ಇನ್ನೊಂದು ಲಕೋಟೆ ಸೀಳುತ್ತ. “ಭಾನುವಾರ ಚರ್ಚಲ್ಲಿ ಯಾವ ಮುಖ ಇಟ್ಕೊಂಡು ಕೂತ್ಕೊಳ್ಳಲಿ?”

“ಇದೇ ಮುಖ. ದೇವರಿಗೆ ನೋಡಿ ಅಭ್ಯಾಸ ಆಗಿದೆ.”

“ಅಯ್ಯೋ! ಶ್ರೀಮತಿ ಟೋಫ್ಟ್, ಕೇಳಿದ್ರಾ? ಈ ಮನುಷ್ಯ ತಮಾಷೆ ಮಾಡಿದ!” ಎಂದ ಹೆಡ್ವಿಗ್ ಕಾಗದವನ್ನು ಬಿಡಿಸಿ ಓದತೊಡಗಿದಳು. ಓದುತ್ತಿದ್ದಂತೆ ಅವಳ ತುಟಿಯ ಮೇಲಿನ ನಗು ಇಳಿಯಿತು. ಹಿಂದುಮುಂದು ತಿರುಗಿಸಿ ನೋಡಿದಳು.

“ಏನು?” ಎಂದು ಕೀಲನು ಕೈ ಚಾಚಿದನು.

“ಇದರಲ್ಲಿ ಏನೂ ಇಲ್ಲ.”

“ಏನೂ ಇಲ್ಲ ಅಂದ್ರೆ?”

“ನಗೋ ಸಾಲು ಇಲ್ಲ. ‘ಕೈಯನ್ನು ತೆಗೆದುಕೊಳ್ಳಲು ಸಿದ್ಧನಿದ್ದೇನೆ. ಮುಳ್ಳು ನನ್ನ ಬಳಿ ಭದ್ರವಾಗಿದೆ. ಎಲ್ಲಿ ಭೇಟಿ ಎಂದು ತಿಳಿಸಿರಿ.’ ಅಷ್ಟೇ. ಕೆಳಗೆ ಸಹಿ.” ಅವಳು ದನಿ ತಗ್ಗಿಸಿದಳು. “ಕೀಲ್, ಇದು ಫರ್ಡಿ ಕ್ಲಾಪರ್‌ದು.”

ರಾಗ್ನಾ ಎದ್ದು ನಿಂತಳು. “ಯಾರವನು?”

“ಹಾಲ್‌ಸ್ಟೆಡ್ ರಸ್ತೇಲಿ ಅಂಗಡಿ. ಈ ವೃತ್ತಿಯಲ್ಲಿ ಅವನಷ್ಟು ನಗಿಸೋನು ಇನ್ನೊಬ್ಬ ಇಲ್ಲಮ್ಮ. ಅವನ ಸಾಲುಗಳನ್ನ ಜನ ಕತ್ತರಿಸಿ ಗೋಡೆಗೆ ಅಂಟಿಸ್ಕೋತಾರೆ. ತಾಯಿ ತೀರಿಕೊಂಡಾಗ ಅಂಗಡಿ ಮುಚ್ಚಿದೆ ಅಂತ ಒಂದು ಸಾಲು ಕಳಿಸಿದ್ದ. ಅದರಲ್ಲೂ ಅಮ್ಮನ ಒಂದು ಚಟಾಕಿ ಸೇರಿಸಿದ್ದ, ಅವಳೇ ಹೇಳಿಹೋದದ್ದು ಅಂತ.”

“ಮುಳ್ಳು ಅಂದ್ರೇನು?” ಎಂದು ಕೀಲನು ಕೇಳಿದನು.

“ಗೊತ್ತಿಲ್ಲ.”

ಕೀಲನು ಆ ಕಾಗದವನ್ನು ಮೇಜಿನ ಬಲಗಡೆಗೆ, ಒಂಟಿಯಾಗಿ ಇಟ್ಟನು. ಬಳಿಕ ಟೋಪಿ ಎತ್ತಿಕೊಂಡನು.

“ನಾನೂ ಬರ್ತೀನಿ,” ಎಂದಳು ರಾಗ್ನಾ.

“ಅದು ಸರಿಯಲ್ಲ, ಶ್ರೀಮತಿ ಟೋಫ್ಟ್.”

“ಸರಿಯೋ ತಪ್ಪೋ, ಆ ಅಜ್ಜೀನ ನೋಡಿದ್ರೆ ಎಮಿಲ್ ಅವರದು ಹೌದೋ ಅಲ್ವೋ ಹೇಳೋಳು ನಾನೊಬ್ಳೇ. ನೀವು ನೋಡಿರೋದು ಕೈ ಮಾತ್ರ.”

ಕೀಲನು ಬಾಗಿಲು ತೆರೆದು ಹಿಡಿದನು; ಹೆಡ್ವಿಗಳೂ ಕೋಟು ಹಾಕಿಕೊಂಡು ಹೊರಟಳು.

ಫರ್ಡಿನಾಂಡ್ ಕ್ಲಾಪರನ ಅಂಗಡಿಯಲ್ಲಿ ಯಂತ್ರಗಳು ಚರ್ಚಿನ ಪೀಠಗಳಂತೆ ಸಾಲುಸಾಲಾಗಿ ನಿಂತಿದ್ದವು. ಮೇಲುಸೇತುವೆಯ ಮೇಲೆ ರೈಲು ಹಾದಾಗ ಅವುಗಳ ಗಾಜುಗಳೆಲ್ಲ ಒಟ್ಟಿಗೆ ನಡುಗಿ ಮತ್ತೆ ಸುಮ್ಮನಾದವು. ಕ್ಲಾಪರನು ಭಾರಿ ಆಳು; ಕಡಲೆಕಾಯಿ ಯಂತ್ರವೊಂದರ ಹೊಟ್ಟೆಯೊಳಗೆ ಮೊಣಕೈವರೆಗೆ ಕೈಯಿಳಿಸಿ ನಿಂತಿದ್ದನು. ಹೆಡ್ವಿಗಳನ್ನು ಕಂಡೊಡನೆ ಮುಖ ಅರಳಿತು.

“ಮಿಸ್ ಲೊರೆಂಟ್ಸ್! ನನ್ನ ಬಡ ಅಂಗಡಿಗೆ! ತಡೀರಿ, ಈ ಯಂತ್ರಕ್ಕೆ ಹೇಳ್ತೀನಿ, ದೊಡ್ಡೋರು ಬಂದಿದಾರೆ, ಇವತ್ತಾದ್ರೂ ನಾಣ್ಯ ಹಾಕಿದೋರಿಗೆ ಕಡಲೆಕಾಯಿ ಕೊಡು ಅಂತ.”

“ಫರ್ಡಿ, ನಿಮ್ಮ ಉತ್ತರ ಬಂತು,” ಎಂದಳು ಹೆಡ್ವಿಗ್. “ಎಡಗೈ ಜಾಹೀರಾತಿಗೆ.”

ಅರಳಿದ ಮುಖ ಅಲ್ಲಿಯೇ ನಿಂತಿತು. ಅವನು ಯಂತ್ರದಿಂದ ಕೈಯನ್ನು ಮೆಲ್ಲನೆ ತೆಗೆದು ಏಪ್ರನ್ನಿಗೆ ಒರೆಸಿಕೊಂಡನು. ಕೀಲನ ಕಡೆಗೆ ತಿರುಗಿದಾಗ ಅವನ ದನಿಯಲ್ಲಿ ಹಾಸ್ಯದ ಲೇಶವೂ ಇರಲಿಲ್ಲ.

“ನೀವೇನಾ ಅದು? ಮುಳ್ಳು ತಯಾರಿದೆ. ಕೈ ತಂದಿದ್ದೀರಾ?”

“ಇಲ್ಲ,” ಎಂದನು ಕೀಲ್.

“ಹಾಗಾದ್ರೆ ಮುಳ್ಳೂ ಇಲ್ಲ. ಕೈ ತಗೊಂಡು ಬನ್ನಿ, ಮಾತಾಡೋಣ.”

“ಕೈ ಪೊಲೀಸರ ಹತ್ತಿರ ಇದೆ, ಕ್ಲಾಪರ್. ಎಮಿಲ್ ಹ್ರೂಷ್ಕಾ ಮುಷ್ಟಿಯಿಂದ ಬಿಡಿಸಿ ತಗೊಂಡರು.”

ಕ್ಲಾಪರನು ಹಿಂದಿದ್ದ ಸ್ಟೂಲನ್ನು ಕಾಲಿನಿಂದಲೇ ಹುಡುಕಿ ಕುಳಿತನು.

“ಎಮಿಲ್‌ದಾ?” ಎಂದನು. “ನನ್ನ ಅಜ್ಜಿ... ಎಮಿಲ್‌ದು?”

“ತೋರಿಸಿ ಅವಳನ್ನ.”

“ಮಿಸ್ ಲೊರೆಂಟ್ಸ್, ನಿಮ್ಮಾಣೆಗೂ ಹೇಳ್ತೀನಿ...”

“ಆಣೆ ಆಮೇಲೆ ಇಡಿ, ಫರ್ಡಿ. ಮೊದಲು ಹಿಂದಿನ ಕೋಣೆ ಬಾಗಿಲು ತೆಗೀರಿ.”

ಹಿಂದಿನ ಕೋಣೆಯಲ್ಲಿ ಬಿಳಿಯ ಹೊದಿಕೆಯೊಂದು ಆಳೆತ್ತರಕ್ಕೆ ನಿಂತಿತ್ತು. ಕ್ಲಾಪರನು ಅದನ್ನು ಸರಕಿನ ಮೇಲಿನ ಬಟ್ಟೆಯಂತೆ ಎಳೆದು ಬಿಸಾಡದೆ, ಅಂಚು ಹಿಡಿದು ಮಡಿಸುತ್ತ ತೆಗೆದನು. ಗಾಜಿನ ಗೂಡಿನೊಳಗೆ ಅಜ್ಜಿ ತಲೆಗೆ ವಸ್ತ್ರ ಕಟ್ಟಿಕೊಂಡು ಕುಳಿತಿದ್ದಳು. ಬಲಗೈ ಇಸ್ಪೀಟಿನ ಎಲೆಗಳ ಮೇಲೆ ತೇಲಿತ್ತು. ಕುಪ್ಪಸದ ಎಡತೋಳಿನ ತುದಿ ಖಾಲಿಯಾಗಿತ್ತು, ಅದನ್ನು ಯಾರೋ ಅಂದವಾಗಿ ಮೇಲಕ್ಕೆ ಮಡಿಸಿ ಪಿನ್ನು ಹಾಕಿದ್ದರು.

“ನಾನೇ ಹಾಕಿದ್ದು,” ಎಂದನು ಕ್ಲಾಪರ್. “ಖಾಲಿ ತೋಳು ನೋಡೋಕೆ ಆಗ್ಲಿಲ್ಲ.”

ರಾಗ್ನಾ ಗಾಜಿನ ಹತ್ತಿರ ಬಂದಳು. ಅಜ್ಜಿಯ ಕುಪ್ಪಸದ ಕುತ್ತಿಗೆಯ ಅಂಚಿನ ಮೇಲೆ ಅವಳ ಕಣ್ಣು ನಿಂತಿತು.

“ಹೌದು. ಈ ಕುಪ್ಪಸ ಹೊಲಿದದ್ದು ನಾನು. ಹಳೇದನ್ನ ಇಲಿ ಕಡಿದಿತ್ತು, ಓಡ್ವಾರ್ ಅಳತೆ ತಂದುಕೊಟ್ಟ. ಹಸಿರು ದಾರ ಮುಗಿದು ಕುತ್ತಿಗೆ ಹತ್ತಿರ ನೀಲಿ ಹಾಕಿದೆ. ನೋಡಿ, ಇಲ್ಲಿ. ಅಜ್ಜೀನ ಯಾರು ನೋಡ್ತಾರೆ ಅಂದಿದ್ದ.”

ಅವಳ ದನಿ ಮೊದಲ ಬಾರಿಗೆ ಏರಿತ್ತು. ಆಕೆ ಕೀಲನ ಕಡೆ ತಿರುಗಿದಳು. “ಇವನ ಹತ್ತಿರ ಇದೆ. ಓಡ್ವಾರ್ ಹತ್ತಿರ ಅಲ್ಲ. ಇವನ ಹತ್ತಿರ ಇದೆ!”

“ತಾಯೀ, ನಾನು ಕದ್ದವನಲ್ಲ!” ಎಂದು ಕ್ಲಾಪರನು ಎರಡೂ ಕೈಯೆತ್ತಿದನು. “ಅದಲುಬದಲು ಮಾಡಿದ್ದು. ತೂಕದ ಯಂತ್ರ ಎರಡು ಕೊಟ್ಟು ಇವಳನ್ನ ತಗೊಂಡೆ. ಕಳವಾದ ಅಜ್ಜಿ ಸುದ್ದಿ ನಾನೂ ಓದಿದೆ. ಶನಿವಾರ ಕಳವಾಯ್ತು ಅಂತ ಬರೆದಿದ್ರು. ಇವಳು ನನ್ನ ಮನೆಗೆ ಬಂದಿದ್ದು ಅದಕ್ಕೆ ಮುಂಚಿನ ಗುರುವಾರ. ಗುರುವಾರ ಬಂದವಳು ಶನಿವಾರ ಹೇಗೆ ಕಳವಾಗ್ತಾಳೆ? ಈ ಅಜ್ಜಿಯರೆಲ್ಲ ಒಂದೇ ಅಚ್ಚಿನಲ್ಲಿ ಎರೆದವರು, ಊರಿಗೊಬ್ಬಳಿದ್ದಾಳೆ. ಬೇರೆ ಯಾವಳೋ ಅಂದ್ಕೊಂಡೆ.”

“ಗುರುವಾರ ಬಂದದ್ದು ಯಾರು ನೋಡಿದಾರೆ?” ಎಂದು ಕೀಲನು ಕೇಳಿದನು.

“ಪಕ್ಕದ ರೊಟ್ಟಿ ಅಂಗಡಿಯವನು, ಅವನ ಹೆಂಡತಿ, ಅವಳ ಅಮ್ಮ. ಇಳಿಸೋಕೆ ನಾಲ್ಕು ಜನ ಬೇಕಾಯ್ತು. ಆ ಮುದುಕಿ ಇನ್ನೂ ನನ್ನನ್ನ ಕಂಡ್ರೆ ‘ನಿನ್ನ ಹೊಸ ಹೆಂಡ್ತಿ ಹೇಗಿದಾಳೆ’ ಅಂತಾಳೆ.”

ಕೀಲನು ಗೂಡಿನ ಹಿಂಬಾಗಿಲು ತೆಗೆಯಿಸಿ, ಪಿನ್ನು ಬಿಚ್ಚಿ, ತೋಳಿನೊಳಗೆ ನೋಡಿದನು. ಮೇಣದ ಮಣಿಕಟ್ಟಿನಿಂದ ಹಿತ್ತಾಳೆಯ ತಿರುಪುಗಡ್ಡಿ ಹೊರಚಾಚಿತ್ತು. ಬಾಗಿರಲಿಲ್ಲ. ಸುತ್ತಲಿನ ಮೇಣ ಚಕ್ಕೆಯೆದ್ದಿರಲಿಲ್ಲ. ತಿರುಪಿನ ಸುತ್ತುಗಳು ಎಣ್ಣೆ ಸವರಿದಂತೆ ಹೊಳೆಯುತ್ತಿದ್ದವು. ಠಾಣೆಯಲ್ಲಿ ಕಂಡ ಕೈಯ ರಂಧ್ರವೂ ಹೀಗೆಯೇ ನುಣುಪಾಗಿದ್ದುದು ಅವನಿಗೆ ನೆನಪಾಯಿತು; ಅಂದು ಅದರ ಅರ್ಥ ಹೊಳೆದಿರಲಿಲ್ಲ.

“ಕಿತ್ತದ್ದಲ್ಲ,” ಎಂದನು. “ಬಿಚ್ಚಿದ್ದು.”

“ಬಿಚ್ಚದೆ ಇನ್ನೇನು? ಒತ್ತೆ ಅಂದ್ಮೇಲೆ ಕಿತ್ಕೋತಾರಾ?” ಎಂದನು ಕ್ಲಾಪರ್.

“ಒತ್ತೆ?”

ಕ್ಲಾಪರನು ಹೆಡ್ವಿಗಳನ್ನು ನೋಡಿದನು, ಇಷ್ಟೂ ತಿಳಿಯದವನನ್ನು ಕರೆತಂದೆಯಾ ಎಂಬಂತೆ.

“ಕಣ್ಣಿಗೆ ಕಾಣದ ವ್ಯಾಪಾರ, ಸ್ವಾಮಿ. ಅವನು ಕಳಿಸೋದು ಕೊಳೆತ ಯಂತ್ರ ಆಗಿದ್ರೆ? ನಾನು ಕಳಿಸೋದು ತುಕ್ಕು ಆಗಿದ್ರೆ? ಅದಕ್ಕೆ ಕಳಿಸೋ ಮುಂಚೆ ಇಬ್ಬರೂ ತಂತಮ್ಮ ಯಂತ್ರದಿಂದ ಒಂದೊಂದು ಭಾಗ ಬಿಚ್ಚಿ ಇಟ್ಕೋತೀವಿ. ಚಿಕ್ಕದೇ, ಆದರೆ ಅದಿಲ್ದೆ ಯಂತ್ರ ಯಂತ್ರ ಆಗಬಾರದು. ಸರಕು ಎರಡೂ ಕಡೆ ಒಪ್ಪಿಗೆ ಆಯ್ತೋ, ಎದುರುಬದುರು ನಿಂತು ಒತ್ತೆ ಬದಲಾಯಿಸ್ಕೋತೀವಿ. ಅಲ್ಲಿಗೆ ವ್ಯಾಪಾರ ಮುಗೀತು. ಅವನು ಅಜ್ಜಿ ಕೈ ಇಟ್ಕೊಂಡ. ನಾನು ತೂಕದ ಯಂತ್ರ ಎರಡರಲ್ಲಿ ಒಂದರ ಮುಳ್ಳು ಇಟ್ಕೊಂಡೆ. ಮುಳ್ಳಿಲ್ದೆ ಏನು ತೂಗ್ತೀರಿ?”

ಅವನು ಅಂಗಿಯ ಒಳಜೇಬಿನಿಂದ ಮೆದುಬಟ್ಟೆಯ ಸುರುಳಿಯೊಂದನ್ನು ತೆಗೆದು ಬಿಚ್ಚಿದನು. ಅಂಗೈಯುದ್ದದ, ಕೆಂಪು ಬಣ್ಣ ಬಳಿದ ಉಕ್ಕಿನ ಮುಳ್ಳು.

“ಅದಕ್ಕೇ ನಿಮ್ಮ ಉತ್ತರದಲ್ಲಿ ನಗೆ ಇಲ್ಲ,” ಎಂದಳು ಹೆಡ್ವಿಗ್ ತನ್ನಷ್ಟಕ್ಕೆ.

“ಒತ್ತೆ ಮಾತಲ್ಲಿ ಯಾರಾದ್ರೂ ನಗ್ತಾರಾ? ನಮ್ಮಪ್ಪ ಎಲ್ಲಾದಕ್ಕೂ ನಗ್ತಿದ್ದ, ಇದಕ್ಕೆ ಮಾತ್ರ ಟೋಪಿ ತೆಗೀತಿದ್ದ. ಜಾಹೀರಾತು ನೋಡಿದ ತಕ್ಷಣ ಅಂದ್ಕೊಂಡೆ, ಅವನು ಕೈ ಬದಲಾಯಿಸ್ಕೊಳ್ಳೋಕೆ ಕರೀತಿದ್ದಾನೆ ಅಂತ. ಉಳಿದವರೆಲ್ಲ ತಮಾಷೆ ಅಂದ್ಕೊಂಡ್ರೆ ಅಂದ್ಕೊಳ್ಳಲಿ, ನನಗೆ ಕರೆ ಬಂತಲ್ಲ.”

ವ್ಯಾಪಾರದಲ್ಲಿಯೂ ವ್ರತವುಂಟು. ಕ್ಲಾಪರನು ಸುಳ್ಳಾಡುತ್ತಿಲ್ಲವೆಂಬುದು ಕೀಲನಿಗೆ ಆ ಮುಳ್ಳನ್ನು ಅವನು ಹಿಡಿದಿದ್ದ ಬಗೆಯಿಂದಲೇ ತಿಳಿಯಿತು. ಅವನು ಗೂಡಿನ ಸುತ್ತ ಒಮ್ಮೆ ನಡೆದು ಬಂದು ನಿಂತನು. ವರ್ಷಾನುಗಟ್ಟಲೆ ವಿಮಾ ಕಂಪನಿಗಳಿಗಾಗಿ ಸುಟ್ಟ ಮನೆಗಳನ್ನು ತಪಾಸಣೆ ಮಾಡಿದವನು. ಸಂಗತಿಯೊಂದು ಕೂಡಿಬಂದಾಗ ಗಟ್ಟಿಯಾಗಿ ಹೇಳಿ ನೋಡುವುದು ಅವನ ರೂಢಿ.

“ಹಾಗಾದರೆ ಶನಿವಾರ ಉಗ್ರಾಣದಲ್ಲಿ ಅಜ್ಜಿ ಇರಲೇ ಇಲ್ಲ. ಅವಳಿಗಾಗಿ ಯಾರೂ ಕಿತ್ತಾಡಲಿಲ್ಲ. ಪೊಲೀಸರ ಕತೆ ಇಲ್ಲಿಗೆ ಮುರೀತು.”

ರಾಗ್ನಾ ಉಸಿರು ಬಿಟ್ಟಳು.

“ಎಮಿಲ್ ತಾನೇ ಈ ವ್ಯಾಪಾರ ಮಾಡಿದ್ದನೆ? ಇಲ್ಲ. ಮಾಡಿದ್ದರೆ ಅವನ ಹೆಂಡತಿಗೆ ಗೊತ್ತಿರುತ್ತಿತ್ತು. ತೂಕದ ಯಂತ್ರಗಳು ಅವನ ಉಗ್ರಾಣಕ್ಕೆ ಬರುತ್ತಿದ್ದವು. ಅಲ್ಲಿ ಅವಿಲ್ಲ, ನಾನು ನೋಡಿದ್ದೀನಿ. ಅಂದರೆ ಅವನ ಬೆನ್ನ ಹಿಂದೆ ಯಾರೋ ಅಜ್ಜಿಯನ್ನ ಸಾಗಿಸಿದ್ದಾರೆ. ಶನಿವಾರ ಎಮಿಲ್‌ಗೆ ಅದು ಗೊತ್ತಾಯ್ತು. ಒತ್ತೆಯ ಕೈ ಸಾಗಿಸಿದವನ ಹತ್ತಿರ ಇತ್ತು. ಸಾಯುವಾಗ ಅದು ಎಮಿಲ್ ಮುಷ್ಟಿಯಲ್ಲಿತ್ತು.” ಅವನು ಕ್ಲಾಪರನ ಕಡೆ ತಿರುಗಿದನು. “ನಿಮಗೆ ಅಜ್ಜಿಯನ್ನ ಕಳಿಸಿದವನೇ ಎಮಿಲ್‌ನನ್ನ ಹೊಂಡಕ್ಕೆ ತಳ್ಳಿದವನು. ಯಾರು ಅವನು?”

“ಹೆಸರು ಗೊತ್ತಿಲ್ಲ. ತೂಕದ ಯಂತ್ರ ವಿನಿಮಯಕ್ಕಿದೆ ಅಂತ ಜಾಹೀರಾತು ಹಾಕಿದ್ದು ನಾನು. ಉತ್ತರ ಬರೆದವನು ಹೆಸರಿನ ಬದಲು ಬಾಕ್ಸ್ ಸಂಖ್ಯೆ ಕೊಟ್ಟಿದ್ದ. ಮಿಸ್ ಲೊರೆಂಟ್ಸ್ ಪತ್ರಿಕೆಯ ಬಾಕ್ಸೇ. ಐವತ್ತೆಂಟು.”

ರೈಲೊಂದು ಹಾದುಹೋಯಿತು. ಮುಂದಿನ ಕೋಣೆಯ ಗಾಜುಗಳು ನಡುಗಿದವು.

“ಮಿಸ್ ಲೊರೆಂಟ್ಸ್,” ಎಂದನು ಕೀಲ್. “ಐವತ್ತೆಂಟು ಯಾರದು?”

ಹೆಡ್ವಿಗ್ ಕನ್ನಡಕವನ್ನು ತೆಗೆದು ಅದರ ಗಾಜನ್ನು ತೋಳಿನಿಂದ ಒರೆಸುತ್ತಿದ್ದಳು. ಒರೆಸಿ ಮುಗಿದರೂ ಹಾಕಿಕೊಳ್ಳಲಿಲ್ಲ.

“ಬಾಕ್ಸ್ ಹೆಸರು ನಾನು ಹೇಳೋಹಾಗಿಲ್ಲ ಅಂತ ನಿಮಗೆ ಗೊತ್ತು.”

“ಕೊಲೆ ಇದು.”

“ಹೆಸರು ಮುಚ್ಚಿಡ್ತೀನಿ ಅಂತ ಮಾತು ಕೊಟ್ಟು ಬಾಡಿಗೆ ತಗೊಂಡಿದ್ದೀನಿ. ಕೊಲೆ ಆದ್ರೆ ಮಾತು ಬಿಡ್ತೀನಿ ಅಂತ ಹೇಳಿರಲಿಲ್ಲ.”

“ಸೋಮವಾರ ನ್ಯಾಯಾಧೀಶರು ಕೇಳಿದರೆ?”

“ಅವರು ಕೇಳಿದಾಗ ನೋಡೋಣ.”

“ಮಿಸ್ ಲೊರೆಂಟ್ಸ್, ಒಂದು ಗಂಟೆ ಹಿಂದೆ ನಿಮಗೆ ಇಷ್ಟು ಬಿಗಿ ಇರಲಿಲ್ಲ. ಇಲ್ಲದ ಕೈಗೆ ಜಾಹೀರಾತು ಹಾಕಿಕೊಟ್ಟವರು ನೀವೇ.”

“ಒಂದು ಗಂಟೆ ಹಿಂದೆ ನನಗೆ ಸಂಖ್ಯೆ ಗೊತ್ತಿರಲಿಲ್ಲ,” ಎಂದಳು ಹೆಡ್ವಿಗ್.

ರಾಗ್ನಾ ಅವಳೆದುರಿಗೆ ಬಂದು ನಿಂತಳು. ಎತ್ತರದ ಹೆಂಗಸು, ಹೆಡ್ವಿಗಳ ಮುಖ ನೋಡಲು ಬಾಗಬೇಕಾಯಿತು.

“ರೀ, ನನ್ನ ಗಂಡ ಸಾಯ್ತಾನೆ. ನೀವು ಮಾತು ಕೊಟ್ಟಿರೋದು ಒಬ್ಬ ಕೊಲೆಗಾರನಿಗೆ. ನಿಮ್ಮ ದೇವರು ಅದನ್ನ ಮಾತು ಅಂತಾನಾ? ಹೇಳಿ. ನಿಮ್ಮ ಕಾಲಿಗೆ ಬೀಳಲಾ? ಬೀಳ್ತೀನಿ. ಹೇಳಿ ಅವನ ಹೆಸರು.”

“ಶ್ರೀಮತಿ ಟೋಫ್ಟ್, ನೀವು ಕೇಳಬೇಡಿ.”

“ನಾನು ಕೇಳದೆ ಇನ್ಯಾರು ಕೇಳ್ಬೇಕು?”

ಹೆಡ್ವಿಗ್ ಕನ್ನಡಕ ಹಾಕಿಕೊಂಡಳು.

“ಕೀಲ್ ಕೇಳಿದ್ರೆ ಹೇಳೋಹಾಗಿಲ್ಲ. ಫರ್ಡಿ ಕೇಳಿದ್ರೂ ಇಲ್ಲ,” ಎಂದಳು ನಿಧಾನವಾಗಿ. “ನೀವು ಕೇಳಿದ್ರೆ ಹೇಳಬಹುದು. ಬಾಕ್ಸ್ ಹಿಡಿದವನಿಗೆ, ಅವನ ಹೆಂಡತಿಗೆ ಹೇಳೋದು ತಪ್ಪಲ್ಲ.”

ರಾಗ್ನಾಳ ಮುಖದಲ್ಲಿ ಆ ವಾಕ್ಯವು ಪದಪದವಾಗಿ ಕೆಳಗಿಳಿಯುವುದನ್ನು ಕೀಲನು ಕಂಡನು. ತಾನು ಈಗಷ್ಟೇ ಗಟ್ಟಿಯಾಗಿ ಕಟ್ಟಿ ನಿಲ್ಲಿಸಿದ ವಾದವು ಯಾರ ಕೊರಳಿಗೆ ಬಿದ್ದಿತೆಂಬುದೂ ಅವನಿಗೆ ತಿಳಿಯಿತು. ಪೊಲೀಸರ ಬಳಿ ಬೀಗದ ಕೈ ಮಾತ್ರ ಇತ್ತು, ಕಾರಣ ಬರೀ ಊಹೆಯಾಗಿತ್ತು. ಗಟ್ಟಿ ಕಾರಣವನ್ನು ಅವನೇ ಹುಡುಕಿಕೊಟ್ಟಿದ್ದನು.

“ನೀವು ಅವನ ಮುಖ ನೋಡಿದ್ದೀರಾ?” ಎಂದು ಕೊನೆಗೆ ಕೇಳಿದನು. “ಬಾಕ್ಸ್ ಹಿಡಿದಾಗ?”

“ಇಲ್ಲ. ಅಂಚೆಯಲ್ಲಿ ಬಂದದ್ದು. ಬಂದ ಉತ್ತರಗಳನ್ನ ದೊಡ್ಡ ಅಂಚೆಕಚೇರೀಲಿ ಇರಿಸಿ, ತಾನೇ ಬಂದು ತಗೋತೀನಿ ಅಂತ ಇತ್ತು. ಮೆಕ್ಯಾನಿಕ್‌ಗಳು ಬಿಡಿಭಾಗ ಮಾರ್ಕೊಳ್ಳೋಕೆ ಬಾಕ್ಸ್ ತಗೋತಾರೆ. ಅಷ್ಟೇ ಅಂದ್ಕೊಂಡಿದ್ದೆ. ಅಜ್ಜಿ ವಿಷಯ ಇವತ್ತೇ ಕೇಳಿದ್ದು.”

“ಓಡ್ವಾರ್ ಹೆಸರು ಬರೆಯೋಕೆ ಓಡ್ವಾರೇ ಬೇಕಿಲ್ಲ,” ಎಂದಳು ರಾಗ್ನಾ. ದನಿ ಸಪ್ಪಟೆಯಾಗಿತ್ತು.

“ಬೇಕಿಲ್ಲ. ಆದರೆ ಸರ್ಕಾರಿ ವಕೀಲ ಹಾಗೆ ಹೇಳೋದಿಲ್ಲ,” ಎಂದನು ಕೀಲ್.

ಕ್ಲಾಪರನು ಇಷ್ಟು ಹೊತ್ತೂ ಮುಳ್ಳನ್ನು ಅಂಗೈಯಲ್ಲಿ ಹಿಡಿದೇ ನಿಂತಿದ್ದನು. ಈಗ ಏನೋ ನಿರ್ಧರಿಸಿದವನಂತೆ ಮುಂದೆ ಬಂದು, ಬಟ್ಟೆಯ ಸಮೇತ ಅದನ್ನು ರಾಗ್ನಾಳತ್ತ ಚಾಚಿದನು.

“ಇದು ನಿಮ್ಮ ಮನೆಗೆ ಸೇರಬೇಕಾದ್ದು, ತಾಯಿ. ಅಜ್ಜಿ ಕೈ ನನಗೆ ಸಿಗದಿದ್ರೂ ಪರವಾಗಿಲ್ಲ. ಸರಕು ಒಪ್ಪಿಗೆ ಆಗಿದೆ, ಒತ್ತೆ ಇಟ್ಕೊಂಡು ಕೂತ್ಕೊಳ್ಳೋನು ನಾನಲ್ಲ.”

“ತಗೋಬೇಡಿ,” ಎಂದನು ಕೀಲ್. “ತಗೊಂಡರೆ ವ್ಯಾಪಾರ ನಿಮ್ಮ ಮನೆಯದು ಅಂತ ನೀವೇ ಒಪ್ಪಿಕೊಂಡ ಹಾಗೆ.”

ರಾಗ್ನಾ ಮುಳ್ಳನ್ನು ನೋಡುತ್ತಿದ್ದಳು.

“ಕ್ಲಾಪರ್ ಅವರೇ, ನಿಮ್ಮ ತೂಕದ ಯಂತ್ರಗಳನ್ನ ಎಲ್ಲಿಗೆ ಕಳಿಸಿದ್ರಿ?”

“ರೈಲ್ವೆ ಸರಕುಗಟ್ಟೆಗೆ. ಶುಕ್ರವಾರ. ಬಾಕ್ಸ್ ಸಂಖ್ಯೆ ಹೇಳಿದವರಿಗೆ ಕೊಡಿ ಅಂತ.”

“ಬಿಡಿಸ್ಕೊಂಡು ಹೋದ್ರಾ?”

“ಹೋದ್ರಲ್ಲ. ಬುಧವಾರ ನಾನು ಇನ್ನೊಂದು ಸರಕು ಹಾಕೋಕೆ ಅಲ್ಲಿಗೆ ಹೋಗಿದ್ದೆ. ಕಟ್ಟೆಯವನು ‘ನಿನ್ನೆ ಹೋಯ್ತು ನಿನ್ನ ಭಾರ’ ಅಂದ.”

“ನಿನ್ನೆ ಅಂದ್ರೆ ಮಂಗಳವಾರ.”

“ಮಂಗಳವಾರ.”

“ಶನಿವಾರ ಸಂಜೆ ಓಡ್ವಾರ್‌ನ ಹಿಡ್ಕೊಂಡು ಹೋದ್ರು,” ಎಂದಳು ರಾಗ್ನಾ. “ಮಂಗಳವಾರ ನಾನು ಜೈಲಿನ ಕಂಬಿ ಈಚೆ ನಿಂತಿದ್ದೆ, ಅವನು ಆಚೆ. ಹಾಗಾದ್ರೆ ಸರಕುಗಟ್ಟೆಗೆ ಹೋದ ಐವತ್ತೆಂಟು ಯಾರು?”

ಹೆಡ್ವಿಗ್ ಕೀಲನತ್ತ ನೋಡಿದಳು.

ಕೀಲನು ಇಲ್ಲವೆಂಬಂತೆ ತಲೆಯಾಡಿಸಿದನು. ಅವನಿಗೆ ಸುಳ್ಳು ಸಮಾಧಾನ ಹೇಳುವ ಅಭ್ಯಾಸವಿರಲಿಲ್ಲ. “ಅದು ನಮಗೆ ಸಾಕು. ನ್ಯಾಯಾಲಯಕ್ಕೆ ಸಾಲದು. ಗಂಡ ಹೆಂಡತಿಗೆ ಸಂಖ್ಯೆ ಹೇಳಿದ, ಹೆಂಡತಿ ಯಾರನ್ನೋ ಕಳಿಸಿ ಬಿಡಿಸಿಕೊಂಡಳು ಅಂತಾರೆ. ಆಗ ಜೈಲಿನಲ್ಲಿ ಇಬ್ಬರಿರ್ತೀರಿ. ಯಂತ್ರಗಳು ಯಾರ ಹತ್ತಿರ ಇವೆ ಅಂತ ತೋರಿಸದೆ ಇದು ನಿಲ್ಲೋದಿಲ್ಲ.”

“ಯಾರ ಹತ್ತಿರ ಇದ್ದರೂ,” ಎಂದಳು ರಾಗ್ನಾ, “ಅವುಗಳಲ್ಲೊಂದು ಮುಳ್ಳಿಲ್ಲದೆ ನಿಂತಿದೆ.”

ಅವಳು ಕೈ ಚಾಚಿ, ಕ್ಲಾಪರನ ಅಂಗೈಯಿಂದ ಮುಳ್ಳನ್ನು ತೆಗೆದುಕೊಂಡಳು. ಬಟ್ಟೆಯಲ್ಲಿ ಮತ್ತೆ ಸುತ್ತಿ, ಚೀಲದೊಳಗಿಟ್ಟು, ಕೊಂಡಿ ಹಾಕಿದಳು. ಕೀಲನು ತಡೆಯಲು ಒಂದು ಹೆಜ್ಜೆ ಮುಂದಿಟ್ಟವನು ಅಲ್ಲಿಯೇ ನಿಂತನು.

“ಮಿಸ್ ಲೊರೆಂಟ್ಸ್, ಈ ವಾರದ ಸಂಚಿಕೆ ಅಚ್ಚಿಗೆ ಹೋಗಿದೆಯಾ?”

“ಸಂಜೆ ಹೋಗುತ್ತೆ. ನಾಳೆ ಬೀದಿಗೆ.”

“ಒಂದು ಜಾಹೀರಾತು ಬರ್ಕೊಳ್ಳಿ.”

ಹೆಡ್ವಿಗ್ ಪೆನ್ಸಿಲ್ ತೆಗೆದಳು. ಕಾಗದ ಸಿಗದೆ ಕಡಲೆಕಾಯಿಯ ಖಾಲಿ ಪೊಟ್ಟಣವನ್ನೇ ಬಿಚ್ಚಿ ಅಜ್ಜಿಯ ಗೂಡಿನ ಗಾಜಿಗೆ ಒತ್ತಿ ಹಿಡಿದಳು.

“ತೂಕದ ಯಂತ್ರದ ಮುಳ್ಳು ನನ್ನ ಹತ್ತಿರ ಇದೆ. ಬೇಕಾದವರು ಬಂದು ತಗೊಂಡು ಹೋಗಬಹುದು.”

“ಬದಲಿಗೆ ಏನು ಕೇಳ್ತೀರಿ?”

“ಏನೂ ಬೇಡ.”

“ಒಂದು ನಗೆ ಸಾಲು...” ಎಂದು ರೂಢಿಯಂತೆ ಆರಂಭಿಸಿದವಳು ಅಲ್ಲಿಗೇ ನಿಲ್ಲಿಸಿದಳು. “ಬಾಕ್ಸ್ ಸಂಖ್ಯೆ ಕೊಡಲಾ?”

“ಬೇಡ. ನನ್ನ ಹೆಸರು ಹಾಕಿ. ರಾಗ್ನಾ ಟೋಫ್ಟ್, ಓಡ್ವಾರ್ ಟೋಫ್ಟ್ ಹೆಂಡತಿ. ಕೆಡ್ಜೀ ಬೀದಿ ಮನೆ ವಿಳಾಸ.”

“ಶ್ರೀಮತಿ ಟೋಫ್ಟ್,” ಎಂದನು ಕೀಲ್, “ಅವನು ಒಬ್ಬನನ್ನ ಆಗಲೇ ತಳ್ಳಿದ್ದಾನೆ.”

“ಹಿಂದಿನ ಮೆಟ್ಟಿಲು ಅಂತ ಸೇರಿಸಿ,” ಎಂದಳು ರಾಗ್ನಾ ಹೆಡ್ವಿಗಳಿಗೆ.

“ಹಿಂದಿನ ಮೆಟ್ಟಿಲು ಅಂತಲೂ ಹಾಕಬೇಕಾ?”

“ಹಾಕಿ. ಅವನಿಗೆ ಮುಂದಿನ ಬಾಗಿಲಿಗೆ ಬರೋ ಅಭ್ಯಾಸ ಇಲ್ಲ.”

ಹೆಡ್ವಿಗಳ ಪೆನ್ಸಿಲ್ ಗಾಜಿನ ಮೇಲೆ ನಿಂತಿತು. ಅವನು ಯಾರೆಂಬುದು ರಾಗ್ನಾಳಿಗೆ ಗೊತ್ತಿದೆ ಎಂದು ಕೀಲನಿಗೆ ಆಗ ಹೊಳೆದು, ಅವಳ ಮುಖವನ್ನು ನೋಡಿದನು. ಅವಳು ಆಗಲೇ ಟೋಪಿಯನ್ನು ಸರಿಪಡಿಸಿಕೊಳ್ಳುತ್ತ ಬಾಗಿಲ ಕಡೆಗೆ ನಡೆದಿದ್ದಳು.